ಪಾಯಕ್ಕಲ್ಲ, ತಾರಸಿಗೆ ಬೇಕು ಫೋಮ್ ಹಲಗೆ

ಕೆನಡಾದ ಟೊರಾಂಟೊ, ಅಮೆರಿಕದ ಮಿನಿಯಾಪೊಲಿಸ್‌ನಂಥ ಊರುಗಳಲ್ಲಿ ಮನೆಯ ಪಾಯದ ಹೊರಮೈಗೆ ಗಟ್ಟಿ ಫೋಮ್ ಹಲಗೆ ಅಂಟಿಸಿ ಮಣ್ಣು ಮುಚ್ಚುವ ಪದ್ಧತಿ ಇದೆ. ಅಲ್ಲಿ ನೆಲೆಸಿದ ಮಕ್ಕಳ ಮನೆ ನೋಡಿ ಬಂದವರಿಗೆ, ಬೆಂಗಳೂರಿನ ತ್ಯಾಗರಾಜನಗರದ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವ ಹೊತ್ತಿಗೆ, ನಮ್ಮ ಪಾಯಕ್ಕೂ ಅದನ್ನೇ ಏಕೆ ಹಾಕಿಸಬಾರದು ಅನ್ನಿಸುವುದು ಸಹಜ. ಬೇಡ ಎಂಬುದೇ ಉತ್ತರ. ಆದರೆ ಅದೇ ಹಲಗೆಗೆ ಬೆಂಗಳೂರಿನ ಮನೆಯಲ್ಲಿ ಬೇರೊಂದು ಜಾಗವಿದೆ, ಅದು ತಾರಸಿ. ಇಲ್ಲಿ ಪಾಯವನ್ನು ಕಾಯಬೇಕಾದದ್ದು ತೇವದಿಂದ, ತಾರಸಿಯನ್ನು ಕಾಯಬೇಕಾದದ್ದು ಬಿಸಿಲಿನಿಂದ. ಇವೆರಡನ್ನು ಅದಲುಬದಲು ಮಾಡಿಕೊಂಡರೆ ದುಡ್ಡೂ ಹೋಗುತ್ತದೆ, ಮನೆಯೂ ತಂಪಾಗುವುದಿಲ್ಲ.

ಶೀತ ದೇಶಗಳಲ್ಲಿ ಈ ಪದ್ಧತಿಗೆ ಗಟ್ಟಿ ಕಾರಣವಿದೆ. ಚಳಿಗಾಲದಲ್ಲಿ ಅಲ್ಲಿ ಮಣ್ಣಿನೊಳಗಿನ ನೀರೂ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಮಂಜುಗಡ್ಡೆಯ ಪದರಗಳು ಬೆಳೆಯುತ್ತಾ ಹೋದಂತೆ ನೆಲವೇ ಉಬ್ಬಿ ಪಾಯವನ್ನು ಮೇಲಕ್ಕೆ ಎತ್ತುತ್ತದೆ, ಗೋಡೆ ಸೀಳುತ್ತದೆ. ಆದ್ದರಿಂದ ಟೊರಾಂಟೊದಲ್ಲಿ ಪಾಯವನ್ನು ಸುಮಾರು ನಾಲ್ಕು ಅಡಿ ಆಳಕ್ಕೆ ಇಳಿಸುತ್ತಾರೆ. ಅಷ್ಟು ಅಗೆದ ಮೇಲೆ ಆ ಜಾಗವನ್ನು ನೆಲಮಾಳಿಗೆ ಮಾಡಿಕೊಂಡು, ಆರು ತಿಂಗಳು ಹೀಟರ್ ಉರಿಸುತ್ತಾರೆ. ಆ ಶಾಖ ತಣ್ಣನೆಯ ಮಣ್ಣಿಗೆ ಸೋರದಂತೆ ತಡೆಯುವುದೇ ಫೋಮ್ ಹಲಗೆಯ ಕೆಲಸ. ಹೀಟರಿಗೆ ಸುರಿಯುವ ಹಣ ಉಳಿಯುವುದರಿಂದ ಹಾಕಿದ ಬಂಡವಾಳ ಅಲ್ಲಿ ಹಿಂದಿರುಗುತ್ತದೆ.

ಬೆಂಗಳೂರಿನ ಲೆಕ್ಕವೇ ಬೇರೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿನ ಮಣ್ಣು ಹೆಪ್ಪುಗಟ್ಟುವ ಮಾತೇ ಇಲ್ಲ. ಕೆಲವು ಮೀಟರ್ ಆಳದಲ್ಲಿ ಭೂಮಿಯ ಉಷ್ಣಾಂಶ ಆ ಊರಿನ ವರ್ಷದ ಸರಾಸರಿಗೆ ಹತ್ತಿರ ಇರುತ್ತದೆ. ನಮ್ಮಲ್ಲಿ ಅದು ಸುಮಾರು 24–25 ಡಿಗ್ರಿ. ಅಂದರೆ ಏಪ್ರಿಲ್‌ನ ಝಳದಲ್ಲಿ ಕೆಳಗಿನ ಮನೆಯನ್ನು ತಂಪಾಗಿಡಲು ನೆಲವೇ ನೆರವಾಗುತ್ತಿದೆ. ಪಾಯದ ಸುತ್ತ ಫೋಮ್ ಹೊದಿಸುವುದೆಂದರೆ ಈ ಪುಕ್ಕಟೆ ತಂಪಿಗೆ ದುಡ್ಡು ಕೊಟ್ಟು ಅಡ್ಡಗೋಡೆ ಕಟ್ಟಿದಂತೆ. ಡಿಸೆಂಬರಿನಲ್ಲಿ ಗ್ರಾನೈಟ್ ನೆಲ ಕಾಲಿಗೆ ತಣ್ಣಗೆ ತಾಗುತ್ತದಲ್ಲ ಎಂದು ಕೇಳಬಹುದು. ಕಲ್ಲು ಪಾದದ ಶಾಖವನ್ನು ಬೇಗ ಹೀರಿಕೊಳ್ಳುವುದರಿಂದ ಹಾಗೆನಿಸುತ್ತದೆ. ಹೊರಗೆ ಮಣ್ಣಿನಡಿ ಇಟ್ಟ ಹಲಗೆ ಅದನ್ನು ಬದಲಿಸದು. ಒಂದು ಜಮಖಾನ ಬದಲಿಸುತ್ತದೆ. ಇನ್ನು ಕೆಳಗೆ ಪಾರ್ಕಿಂಗ್ ಬಿಟ್ಟು ಕಂಬದ ಮೇಲೆ ಎತ್ತಿದ ಮನೆಯಾದರೆ ಕಾಪಾಡಲು ಪಾಯದ ಬಳಿ ವಾಸದ ಕೋಣೆಯೇ ಇರುವುದಿಲ್ಲ.

ಶಾಖದ ವಿಷಯ ಬಿಡಿ, ತೇವವನ್ನಾದರೂ ತಡೆಯಲಿ ಎಂಬುದು ಮುಂದಿನ ವಾದ. ಸೈಜುಗಲ್ಲಿನ ಪಾಯದಲ್ಲಿ ತೇವ ಪಕ್ಕದಿಂದಷ್ಟೇ ಬರುವುದಿಲ್ಲ. ಕೆಳಗಿನಿಂದ, ಗಾರೆಯ ಸಣ್ಣ ರಂಧ್ರಗಳ ಮೂಲಕ ಹೀರಿಕೊಂಡು ಮೇಲೇರುತ್ತದೆ. ಗೋಡೆಯ ಬುಡದಲ್ಲಿ ಬಣ್ಣ ಉದುರಿ ಬಿಳಿ ಉಪ್ಪು ಕಾಣಿಸುವುದು ಅದರಿಂದಲೇ. ಪಾಯದ ಹೊರಮೈಗೆ ಅಂಟಿಸಿದ ಹಲಗೆಗೆ ಈ ಏರುವ ನೀರನ್ನು ತಡೆಯುವ ಶಕ್ತಿಯಿಲ್ಲ. ಅದಕ್ಕೆ ಬೇಕಾದದ್ದು ಪ್ಲಿಂತ್ ಮಟ್ಟದಲ್ಲಿ ಎಲ್ಲೂ ತುಂಡಾಗದ, ತೇವ ತಡೆಯುವ ಡಿಪಿಸಿ ಪದರ, ಮತ್ತು ಎತ್ತರದ ಪ್ಲಿಂತ್. ಸುತ್ತಲ ನೆಲಕ್ಕಿಂತ ಪ್ಲಿಂತ್ ಕನಿಷ್ಠ 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ, ಎತ್ತರವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಗಳೇ ಏರುತ್ತಿರುವ ನಮ್ಮ ಬಡಾವಣೆಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚಿದ್ದರೆ ಲೇಸು. ಗೆದ್ದಲಿನ ಅಪಾಯವೂ ಇದೆ. ಫೋಮ್ ಗೆದ್ದಲಿಗೆ ಆಹಾರವಲ್ಲ. ಆದರೆ ಅದನ್ನು ಕೊರೆದು, ಯಾರ ಕಣ್ಣಿಗೂ ಬೀಳದೆ ಬಾಗಿಲ ಚೌಕಟ್ಟಿನವರೆಗೆ ಹೋಗುವುದು ಗೆದ್ದಲಿಗೆ ಸುಲಭ. ಗೆದ್ದಲಿನ ಕಾಟ ವಿಪರೀತವಾಗಿರುವ ಫ್ಲಾರಿಡಾ, ಜಾರ್ಜಿಯಾದಂಥ ಕಡೆಗಳಿಗೆ ಅಮೆರಿಕದ ಮಾದರಿ ಕಟ್ಟಡ ನಿಯಮಗಳೇ ಮಣ್ಣಿನಡಿ ಫೋಮ್ ಬಳಸುವುದನ್ನು ನಿರ್ಬಂಧಿಸಿವೆ.

ಈಗ ತಲೆಯೆತ್ತಿ ತಾರಸಿಯನ್ನು ನೋಡೋಣ. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ವರ್ಷಕ್ಕೆರಡು ಬಾರಿ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರ ನಿಂತು ನೆರಳೇ ಇಲ್ಲವಾಗುತ್ತದೆ. ನಗರದ ದಾಖಲೆಯ ಗರಿಷ್ಠ ಉಷ್ಣಾಂಶ 39.2 ಡಿಗ್ರಿ ಬಂದದ್ದೂ 2016ರ ಏಪ್ರಿಲ್ 24ರಂದೇ. ಮೂವತ್ತು–ನಲವತ್ತರ ಸೈಟುಗಳಲ್ಲಿ ಅಕ್ಕಪಕ್ಕದ ಮನೆಗಳು ಒಂದರ ಗೋಡೆಗೆ ಇನ್ನೊಂದು ನೆರಳಾಗುತ್ತವೆ. ತಾರಸಿಗೆ ಮಾತ್ರ ಯಾವ ಮರೆಯೂ ಇಲ್ಲ. ಐದಾರು ಇಂಚಿನ ಆರ್‌ಸಿಸಿ ಮೋಲ್ಡು ಶಾಖಕ್ಕೆ ಬಹಳ ಸಡಿಲ. ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಸುಮಾರು ಮೂರೂವರೆ ವಾಟ್ ಶಾಖ ಅದರ ಮೂಲಕ ಇಳಿಯುತ್ತದೆ. ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಲಗೆ ಎರಡು ಇಂಚು ಹಾಸಿದರೆ ಅದು ಅರ್ಧ ವಾಟ್‌ಗೆ ಇಳಿಯುತ್ತದೆ. ಒಂದೇ ಇಂಚು ಹಾಸಿದರೂ ಒಂದು ವಾಟ್‌ನ ಆಸುಪಾಸು. ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ಚಾವಣಿಗೆ ವಿಧಿಸಿರುವ ಮಿತಿ 1.2 ವಾಟ್. ಸಣ್ಣ ಸೈಟಿನ ಮನೆಗೆ ಆ ಸಂಹಿತೆ ಕಡ್ಡಾಯವಲ್ಲ, ಆದರೆ ಅಳತೆಗೋಲಾಗಿ ಉಪಯುಕ್ತ.

ಸುಣ್ಣ ಅಥವಾ ಬಿಳಿ ಬಣ್ಣ ಬಳಿದರೆ ಸಾಲದೇ? ಕಡಿಮೆ ಖರ್ಚಿನಲ್ಲಿ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ರೂಪಿಸಿತು. ಈಗಾಗಲೇ ಕಟ್ಟಿದ ಮನೆಗೆ ಮೊದಲು ಅದನ್ನೇ ಮಾಡಬೇಕು. ಆದರೆ ನಗರದ ಧೂಳು, ಮಳೆಗಾಲದ ಪಾಚಿ ಬಿಳುಪನ್ನು ಕುಂದಿಸುತ್ತವೆ, ಮತ್ತೆ ಮತ್ತೆ ಬಳಿಯಬೇಕು. ಹೊಸದಾಗಿ ಕಟ್ಟುವಾಗ ಫೋಮ್ ಸೇರಿಸಿ ಮೇಲೆ ಬಿಳಿ ಹೆಂಚೋ ಟೈಲ್ಸೋ ಹಾಕುವುದು ಬಾಳಿಕೆಯ ದಾರಿ. ಭಾರದ ಚಿಂತೆಯೂ ಬೇಡ. ನಾಲ್ಕು ಇಂಚಿನ ಇಟ್ಟಿಗೆ ಚೂರಿನ ಕೋಬಾ ಚದರ ಮೀಟರಿಗೆ ಇನ್ನೂರು ಕಿಲೋದಷ್ಟು ತೂಗಿದರೆ, ಎರಡು ಇಂಚಿನ ಫೋಮ್ ಎರಡು ಕಿಲೋವನ್ನೂ ಮುಟ್ಟುವುದಿಲ್ಲ. ರಾತ್ರಿ ಶಾಖ ಒಳಗೇ ಉಳಿಯುತ್ತದೆ ಎಂಬ ಆಕ್ಷೇಪದಲ್ಲಿ ಸ್ವಲ್ಪ ನಿಜವಿದೆ. ಆದರೆ ಬೆಂಗಳೂರಿನ ರಾತ್ರಿಗಾಳಿ ತಂಪು, ಎದುರುಬದುರು ಕಿಟಕಿ ತೆರೆದರೆ ಆ ಶಾಖ ಹೊರಹೋಗುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಸೋರಿಕೆಗೆ. ಹಲಗೆ ಹಾಸಿದ ಮೇಲೆ ಸೋರುವ ಜಾಗ ಹುಡುಕುವುದು ಕಷ್ಟ. ಆದ್ದರಿಂದ ಮೋಲ್ಡಿನ ಮೇಲೆ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಿ, ಆಮೇಲೆ ಹಲಗೆ, ಅದರ ಮೇಲೆ ಇಳಿಜಾರು ಕೊಟ್ಟ ಕಾಂಕ್ರೀಟ್. ಫೋಮ್ ಬೆಂಕಿಗೆ ಮತ್ತು ಬಿಸಿಲಿಗೆ ಹಾಳಾಗುವ ವಸ್ತು, ತೆರೆದು ಬಿಡಬಾರದು. ನೀರು ಹೀರುವ ಅಗ್ಗದ ಥರ್ಮಾಕೋಲ್ ಈ ಜಾಗಕ್ಕೆ ಸಲ್ಲದು.

ಈ ಲಾಭ ಸಿಗುವುದು ಮೇಲಿನ ಅಂತಸ್ತಿಗೆ ಮಾತ್ರ ಎಂಬುದೂ ನೆನಪಿರಲಿ. ಮುಂದೆ ಇನ್ನೊಂದು ಮಹಡಿ ಏರಿಸುವ ಯೋಚನೆಯಿದ್ದರೆ ಫೋಮ್ ಕೆಲಸವನ್ನು ಅಲ್ಲಿಯವರೆಗೆ ಮುಂದೂಡಿ, ಸದ್ಯಕ್ಕೆ ಬಿಳಿ ಬಣ್ಣ ಬಳಿಸಿ. ಇಲ್ಲವಾದರೆ ಕಂಟ್ರಾಕ್ಟರ್ ಜೊತೆಗಿನ ಕರಾರಿಗೆ ಸಹಿ ಹಾಕುವ ಮುನ್ನವೇ ಪ್ಲಿಂತ್‌ನ ಎತ್ತರ, ಡಿಪಿಸಿ, ಗೆದ್ದಲಿನ ಔಷಧಿ, ತಾರಸಿಯ ಪದರಗಳ ಕ್ರಮ ಇಷ್ಟನ್ನೂ ಬರೆಸಿಕೊಳ್ಳಿ. ಮೋಲ್ಡು ಮುಗಿದ ಮೇಲೆ ಕೇಳಿದರೆ ಪ್ರತಿಯೊಂದಕ್ಕೂ ಎರಡನೇ ಸಲ ದುಡ್ಡು ತೆರಬೇಕಾಗುತ್ತದೆ.