ವಹಿ ಒಂದು, ಕೈ ಹಲವು

ವರ್ಷದ ಜೋಳ, ಬೇಳೆ ಕೊಳ್ಳಲು ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡಿಗೆ ಹೋಗುವುದು ನಮ್ಮಲ್ಲಿ ಅನೇಕರ ಮನೆಯ ರೂಢಿ. ಕಳೆದ ಸಲ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಮಗನೂ ಚೀಲ ಹೊರಲು ಬಂದಿದ್ದ. ಅಡತಿ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೂ ನಮ್ಮ ಸರದಿ ಬರಲಿಲ್ಲ. ಬಿಲ್ಲು ಕಂಪ್ಯೂಟರಿನಲ್ಲಿ ಬರುತ್ತದೆ, ಆದರೆ ಗೋದಾಮಿನ ವಹಿ ಇನ್ನೂ ಕೈಬರಹದ್ದೇ. ವಿಜಾಪುರದ ಕಡೆಯ ದಿವಾಣಜಿ, "ಒಂದೀಟು ತಡೀರಿ ಅಕ್ಕಾರ, ವಹಿ ಇನ್ನೊಬ್ಬರ ಕೈಯಾಗ ಐತಿ" ಎಂದರು.

ಮಗ ನಕ್ಕುಬಿಟ್ಟ. "ಅಮ್ಮಾ, ಆಫೀಸಿನಲ್ಲಿ ನನ್ನ ದಿನನಿತ್ಯದ ಗುದ್ದಾಟವೂ ಇದೇ!" ಎಂದ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದ ನನಗೆ ಅವನ ಕೆಲಸ ಮೊದಲ ಬಾರಿಗೆ ತಿಳಿದದ್ದು ಆ ಅಂಗಡಿಯ ಕಟ್ಟೆಯ ಮೇಲೆ. ಅವನು ಹೇಳಿದ್ದನ್ನು ನನಗೆ ತಿಳಿದಂತೆ ನಿಮಗೂ ಹೇಳುತ್ತೇನೆ.

ಕಂಪ್ಯೂಟರಿನ ಸ್ಮೃತಿ ಒಂದು ದೊಡ್ಡ ಗೋದಾಮು. ಅದರಲ್ಲಿ ಸಾಮಾನನ್ನು ಸಾಮಾನ್ಯವಾಗಿ 4 ಕಿಲೋಬೈಟಿನ ಚೀಲಗಳಲ್ಲಿ ಇಡುತ್ತಾರೆ. ಪ್ರತಿ ಪ್ರೋಗ್ರಾಮೂ ತನ್ನ ಚೀಲಗಳಿಗೆ ತನ್ನದೇ ನಂಬರು ಕೊಟ್ಟುಕೊಳ್ಳುತ್ತದೆ. ಆ ನಂಬರಿನ ಚೀಲ ಗೋದಾಮಿನ ಯಾವ ಮೂಲೆಯಲ್ಲಿದೆ ಎಂದು ಬರೆದಿಡುವ ವಹಿಯೇ ಪೇಜ್ ಟೇಬಲ್. ಅದನ್ನು ಬರೆಯುವ ದಿವಾಣಜಿ ಕರ್ನೆಲ್.

ತೊಂದರೆ ಇರುವುದು ಇಲ್ಲೇ. ಒಂದೇ ಪ್ರೋಗ್ರಾಮಿನಲ್ಲಿ ಥ್ರೆಡ್ ಎಂಬ ಹಲವು ಕೆಲಸಗಾರರು ಒಟ್ಟಿಗೇ ದುಡಿಯುತ್ತಾರೆ. ಇಬ್ಬರು ಒಂದೇ ಸಾಲನ್ನು ಒಮ್ಮೆಗೇ ತಿದ್ದಿದರೆ ಲೆಕ್ಕ ಕೆಟ್ಟಂತೆಯೇ. ಅದಕ್ಕೇ ವಹಿಗೊಂದು ಬೀಗ. ಬೀಗ ಸಿಗದವನು ಮನೆಗೆ ಹೋಗಿ ಮಲಗುವಂತಿಲ್ಲ, "ಆಯಿತೇ, ಆಯಿತೇ" ಎಂದು ಬಾಗಿಲಲ್ಲೇ ಕಾಯಬೇಕು. ಈ ಜಾತಿಯ ಬೀಗಕ್ಕೆ ಸ್ಪಿನ್ ಲಾಕ್ ಎನ್ನುತ್ತಾರೆ.

ಲಿನಕ್ಸ್‌ನಲ್ಲಿ ಮೊದಲು ಒಂದು ಪ್ರೋಗ್ರಾಮಿನ ಇಡೀ ವಹಿಗೆ ಒಂದೇ ಪೇಜ್ ಟೇಬಲ್ ಲಾಕ್ ಇತ್ತು. ಪ್ರೊಸೆಸರುಗಳು ಹೆಚ್ಚಿದಂತೆ ಸರದಿಯೂ ಬೆಳೆಯಿತು. 2006ರ ಜನವರಿಯಲ್ಲಿ ಬಂದ 2.6.15ನೇ ಆವೃತ್ತಿಯಲ್ಲಿ ಹ್ಯೂ ಡಿಕಿನ್ಸ್ ಎಂಬವರು ವಹಿಯ ಒಂದೊಂದು ಹಾಳೆಗೂ ಪ್ರತ್ಯೇಕ ಬೀಗ ಹಾಕುವ ವ್ಯವಸ್ಥೆ ತಂದರು. ಇಂದಿನ ಸಾಮಾನ್ಯ 64 ಬಿಟ್ ಕಂಪ್ಯೂಟರಿನಲ್ಲಿ ಒಂದು ಹಾಳೆಗೆ 512 ಸಾಲು. ಅಂದರೆ 2 ಮೆಗಾಬೈಟಿನ ಲೆಕ್ಕಕ್ಕೆ ಒಂದು ಬೀಗ. ಬೇರೆ ಬೇರೆ ಹಾಳೆಯವರು ಈಗ ಒಟ್ಟಿಗೇ ಬರೆಯಬಹುದು.

ಬೀಗ ಹೆಚ್ಚಾದರೆ ಇನ್ನೊಂದು ಫಜೀತಿ. ಐದನೇ ಹಾಳೆ ಹಿಡಿದವನು ಒಂಬತ್ತನೆಯದಕ್ಕೆ, ಒಂಬತ್ತನೆಯದನ್ನು ಹಿಡಿದವನು ಐದನೆಯದಕ್ಕೆ ಕಾಯುತ್ತ ಕುಳಿತರೆ ಇಬ್ಬರ ಕೆಲಸವೂ ಮುಗಿಯದು! ಆದ್ದರಿಂದ ಯಾವ ಬೀಗದ ನಂತರ ಯಾವುದನ್ನು ಹಿಡಿಯಬೇಕೆಂಬ ಕ್ರಮವನ್ನು ಕರ್ನೆಲ್ ಬರೆಯುವವರು ಪಟ್ಟಿ ಮಾಡಿಯೇ ಇಟ್ಟಿದ್ದಾರೆ. ಓದುವವರು ಬೀಗಕ್ಕೆ ಕಾಯದೇ ಓದುವ ಆರ್‌ಸಿಯು ಎಂಬ ಉಪಾಯವೂ 2002ರಲ್ಲಿ ಲಿನಕ್ಸ್‌ಗೆ ಸೇರಿತು. ಅದನ್ನು ಬರೆದವರಲ್ಲಿ ಒಬ್ಬರು ಬೆಂಗಳೂರಿನ ಐಬಿಎಂನಲ್ಲಿದ್ದ ದೀಪಂಕರ್ ಸರ್ಮಾ. 2023ರ 6.4ನೇ ಆವೃತ್ತಿಯಲ್ಲಿ ಸ್ಮೃತಿಯ ಒಂದೊಂದು ವಿಭಾಗಕ್ಕೂ ಬೇರೆ ಬೀಗ ಬಂದಾಗ ಅದಕ್ಕೂ ಈ ಉಪಾಯವೇ ಆಸರೆಯಾಯಿತು.

"ಇಷ್ಟೆಲ್ಲ ಯಾಕಪ್ಪ, ಒಂದು ಸಾಲು ತಪ್ಪಿದರೆ ಏನಾದೀತು?" ಎಂದು ನಾನು ಕೇಳಿದೆ. ಅದಕ್ಕೆ ಮಗ 'ಡರ್ಟಿ ಕೌ' ಕಥೆ ಹೇಳಿದ. ಎಲ್ಲರೂ ಓದಬಹುದಾದ, ಆದರೆ ಯಾರೂ ತಿದ್ದಬಾರದ ಚೀಲವೊಂದಿದೆ ಎನ್ನಿ. ತಿದ್ದಬೇಕೆನ್ನುವವನಿಗೆ ಕರ್ನೆಲ್ ಅದರ ಸ್ವಂತ ಪ್ರತಿ ಮಾಡಿಕೊಡುತ್ತದೆ. ಪ್ರತಿ ಮಾಡಿ ಬೀಗ ಬಿಟ್ಟು, ಬರೆಯಲು ಮರಳಿ ಬರುವಷ್ಟರಲ್ಲಿ ಒಂದು ಕ್ಷಣದ ಸಂದು. ಆ ಸಂದಿನಲ್ಲಿ ಇನ್ನೊಂದು ಥ್ರೆಡ್ ಪ್ರತಿಯನ್ನು ಬಿಸಾಡಿದರೆ? "ಪ್ರತಿ ಆಗಿದೆಯಲ್ಲ" ಎಂದು ನಂಬಿದ ಕರ್ನೆಲ್ ಮೂಲ ಚೀಲದಲ್ಲೇ ಬರೆದುಬಿಡುತ್ತಿತ್ತು! ಹೀಗೆ ಸಾಮಾನ್ಯ ಬಳಕೆದಾರನೊಬ್ಬ ಇಡೀ ಯಂತ್ರದ ಯಜಮಾನನಾಗಬಹುದಿತ್ತು. 2007ರಿಂದ ಅಡಗಿದ್ದ ಈ ದೋಷ ಸರಿಯಾದದ್ದು 2016ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಆಂಡ್ರಾಯ್ಡ್ ಫೋನುಗಳಲ್ಲೂ ಅದು ಇತ್ತು. 11 ವರ್ಷ ಮೊದಲೇ ತಾವು ಇದನ್ನು ಸರಿಪಡಿಸಲು ಯತ್ನಿಸಿ ಸೋತಿದ್ದಾಗಿ ಸ್ವತಃ ಲೈನಸ್ ಟೊರ್ವಾಲ್ಡ್ಸ್ ಒಪ್ಪಿಕೊಂಡರು.

ಬೀಗ ಹಾಕಿದರೆ ಮಾತ್ರ ಸಾಲದು. ಕಣ್ಣಿನಿಂದ ನೋಡುವುದಕ್ಕೂ ಕೈಯಿಂದ ಬರೆಯುವುದಕ್ಕೂ ನಡುವೆ ಬೇರೆಯವರು ನುಸುಳದಂತೆ ನೋಡಿಕೊಳ್ಳಬೇಕು. ಅಷ್ಟರಲ್ಲಿ ದಿವಾಣಜಿ ನಮ್ಮನ್ನು ಕರೆದರು. ಸಾಲಿನ ಮೇಲೆ ಎಡಗೈ ಬೆರಳಿಟ್ಟು, ಬರೆದು ಮುಗಿಯುವ ತನಕ ಅವರು ಆ ಬೆರಳು ಎತ್ತಲಿಲ್ಲ. ಅರ್ಧ ಗಂಟೆ ಕಾದ ಸಿಟ್ಟು ನನಗೆ ಆಗ ಇಳಿಯಿತು.

ಯುವ ಮಿತ್ರರೇ, "ನಿನ್ನ ಕೆಲಸ ಏನಪ್ಪ?" ಎಂದು ತಾಯಿ ಕೇಳಿದಾಗ "ನಿನಗೆ ತಿಳಿಯೋಲ್ಲ ಬಿಡಮ್ಮ" ಎನ್ನಬೇಡಿ. ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿ. ಮಾತು ತಡವರಿಸಿದರೂ ಚಿಂತೆಯಿಲ್ಲ. ಕಾಯಲು ನಾವು ಸಿದ್ಧರಿದ್ದೇವೆ.