ಅರಿಸಿನದ ಸತ್ವ ನೀರಿಗೆ ಇಳಿಯದು

ಒಂದು ಚೊಂಬು ತಣ್ಣೀರಿಗೆ ಅರಿಸಿನದ ಪುಡಿ ಹಾಕಿ ಕದಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿರಿ. ಪುಡಿ ತಳ ಹಿಡಿಯುವುದು. ಅದನ್ನೇ ಬಿಸಿ ಎಣ್ಣೆಗೆ ಹಾಕಿದರೆ ಎಣ್ಣೆಯೆಲ್ಲ ಹಳದಿಯಾಗುವುದು. ಒಗ್ಗರಣೆಯ ವೇಳೆ ದಿನವೂ ಕಾಣುವ ಈ ಸಂಗತಿಯೇ ವಿಜ್ಞಾನಿಗಳಿಗೆ ದೊಡ್ಡ ತೊಡಕಾಗಿದೆ.

ಅರಿಸಿನಕ್ಕೆ ಬಣ್ಣ ಕೊಡುವ ವಸ್ತುವಿನ ಹೆಸರು ಕರ್ಕ್ಯುಮಿನ್. ಇದನ್ನು 1815ರಲ್ಲಿಯೇ ಬೇರ್ಪಡಿಸಿದ್ದರು. ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಕ್ಯಾನ್ಸರಿನ ಜೀವಕಣಗಳಿಗೆ ಇದನ್ನು ಸೇರಿಸಿದರೆ ಅವುಗಳ ಬೆಳವಣಿಗೆ ಕುಗ್ಗುವುದೆಂದು ಅನೇಕ ಪ್ರಯೋಗಗಳು ತೋರಿಸಿವೆ. ಆದರೆ ಗಾಜಿನ ಪಾತ್ರೆ ಬೇರೆ, ಮನುಷ್ಯನ ಮೈ ಬೇರೆ. ನೀರಿನಲ್ಲಿ ಕರಗದ ಕಾರಣ, ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಸೇರಿದ್ದನ್ನೂ ಮೈ ಬೇಗನೆ ಹೊರಗೆ ಹಾಕುವುದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕರಿಮೆಣಸಿನ ಸತ್ವವಾದ ಪೈಪರಿನ್ ಜೊತೆಗೆ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ 20 ಪಟ್ಟು ಹೆಚ್ಚಿತು. ಮೆಣಸು ಬೆಳೆಯುವ ನಮಗೆ ಇದು ಹೆಮ್ಮೆಯೇ ಸರಿ. ಆದರೂ ಸೊನ್ನೆಗೆ ಸಮೀಪದ್ದು ಇಪ್ಪತ್ತು ಪಟ್ಟಾದರೂ ಅಲ್ಪವೇ.

ಇದಕ್ಕೆ ಹುಡುಕಿರುವ ಉಪಾಯ ಸಾಬೂನಿನದು. ಎಣ್ಣೆ ಹತ್ತಿದ ಕೈ ಬರೀ ನೀರಿಗೆ ಶುದ್ಧವಾಗದು. ಸಾಬೂನಿನ ಕಣದ ಒಂದು ತುದಿಗೆ ನೀರು ಪ್ರಿಯ, ಇನ್ನೊಂದಕ್ಕೆ ಎಣ್ಣೆ. ಇಂತಹ ಕಣಗಳು ಉಂಡೆಗಟ್ಟಿ, ಎಣ್ಣೆಯನ್ನು ಒಡಲಲ್ಲಿಟ್ಟುಕೊಂಡು ನೀರಿನಲ್ಲಿ ತೇಲುತ್ತವೆ. ಆ ಉಂಡೆಯೇ ಮಿಸೆಲ್. ಸಾಬೂನಿಗೆ ಬದಲು ಪಾಲಿಮರ್ ಎಂಬ ಉದ್ದ ಸರಪಣಿಯಂತಹ ವಸ್ತುವಿನಿಂದ ಇದನ್ನು ಕಟ್ಟಿದರೆ, ರಕ್ತದಲ್ಲಿ ಬೆರೆತಾಗಲೂ ಬೇಗ ಒಡೆಯದು. ಒಂದೊಂದು ಉಂಡೆಯ ಗಾತ್ರ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತ ಸಾಮಾನ್ಯವಾಗಿ ಕಡಮೆ.

ಇದು ಬರಿಯ ಕನಸಲ್ಲ. ಅಮೆರಿಕದ ಯೂ ಮರದ ತೊಗಟೆಯಲ್ಲಿ ದೊರೆತ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧವೂ ನೀರಿಗೆ ಕರಗದು. ಹರಳೆಣ್ಣೆಯಿಂದ ತಯಾರಿಸಿದ ದ್ರವದಲ್ಲಿ ಕರಗಿಸಿ ಚುಚ್ಚುತ್ತಿದ್ದರು; ಆ ದ್ರವವೇ ಕೆಲವರ ಮೈಗೆ ಒಗ್ಗುತ್ತಿರಲಿಲ್ಲ. ಮಿಸೆಲಿನಲ್ಲಿ ತುಂಬಿದ ಪ್ಯಾಕ್ಲಿಟ್ಯಾಕ್ಸೆಲಿಗೆ ದಕ್ಷಿಣ ಕೊರಿಯಾದಲ್ಲಿ 2007ರಲ್ಲಿ ಅನುಮತಿ ದೊರೆಯಿತು. ಕರ್ಕ್ಯುಮಿನ್ ಇನ್ನೂ ಆ ಮೆಟ್ಟಿಲನ್ನು ಏರಿಲ್ಲ. ಇಲಿಗಳಲ್ಲಿ ಫಲ ಕಂಡಿದೆಯೇ ಹೊರತು, ಅರಿಸಿನದಿಂದ ಮನುಷ್ಯರ ಕ್ಯಾನ್ಸರ್ ವಾಸಿಯಾಗುವುದೆಂದು ಸಿದ್ಧಪಟ್ಟಿಲ್ಲ.

ಆದುದರಿಂದ ಅರಿಸಿನದ ಹಾಲನ್ನು ನೆಚ್ಚಿ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗುವುದನ್ನು ಯಾರೂ ಮುಂದೂಡಬಾರದು. ತಡಮಾಡಿದಷ್ಟೂ ಗೆಡ್ಡೆ ಹಬ್ಬುವುದು. ಅಂಗಡಿಯಲ್ಲಿ ಮಾರುವ ಕರ್ಕ್ಯುಮಿನ್ ಮಾತ್ರೆಗಳನ್ನು ಚಿಕಿತ್ಸೆಯ ನಡುವೆ ವೈದ್ಯರಿಗೆ ಹೇಳದೆ ನುಂಗುವುದೂ ಸಲ್ಲದು. ಬೇರೆ ಔಷಧಗಳ ಕೆಲಸಕ್ಕೆ ಅವು ಅಡ್ಡಬರಬಹುದು. ಸಾರಿಗೆ ಹಾಕುವ ಚಿಟಿಕೆ ಅರಿಸಿನದ ಮಾತು ಇದಲ್ಲ.

ಬೆಳೆಗಾರನ ಲಾಭ ಬೇರೆ ಕಡೆ ಇದೆ. ಸತ್ವ ತೆಗೆಯುವ ಕಾರ್ಖಾನೆಯವರು ನೋಡುವುದು ಕರ್ಕ್ಯುಮಿನ್ ಅಂಶವನ್ನು. ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರತಿಭಾ ಮತ್ತು ಪ್ರಭಾ ತಳಿಗಳಲ್ಲಿ ಅದು 100ಕ್ಕೆ 6ಕ್ಕೂ ಮೇಲ್ಪಟ್ಟಿದೆ. ಮುಂಗಾರಿನ ಮೊದಲ ಮಳೆಗೆ ನೆಡುವವರು ಬಿತ್ತನೆ ಗೆಡ್ಡೆ ಕೊಳ್ಳುವಾಗ ತಳಿಯ ಹೆಸರನ್ನು ಕೇಳಿಯೇ ತರಬೇಕು.