ಕಿತ್ತಷ್ಟೂ ಚಿಗುರುವ ಅನಿಮೋನ್

ಹವಳದ ಟ್ಯಾಂಕ್ ಸಾಕುವವರಲ್ಲಿ ಐಪ್ಟೇಸಿಯಾ ಕಾಟ ಕಾಣದವರು ಅಪರೂಪ. ಕಂದು ಬಣ್ಣದ, ಅರೆಪಾರದರ್ಶಕವಾದ ಪುಟ್ಟ ಅನಿಮೋನ್ ಇದು. ಉದ್ದನೆಯ ಕಾಂಡ, ತುದಿಯಲ್ಲಿ ಚೂಪಾದ ಎಳೆಗಳ ಗೊಂಚಲು. ಕೈ ಹತ್ತಿರ ಬಂದರೆ ಸರಕ್ಕನೆ ಕಲ್ಲಿನ ತೂತಿನೊಳಗೆ ಮಾಯ. ಮೊದಲ ಸಲ ಕಂಡಾಗ ಚೆಂದವೇ ಅನಿಸುತ್ತದೆ, ದುಡ್ಡಿಲ್ಲದೆ ಒಂದು ಜೀವಿ ಸಿಕ್ಕಿತೆಂದು ಖುಷಿಪಡುವವರೂ ಇದ್ದಾರೆ. ಅದು ಪಕ್ಕದ ಹವಳವನ್ನು ಕುಟುಕಿ, ಹವಳದ ಮಾಂಸ ಹಿಂದೆ ಸರಿದು ಬಿಳಿ ಅಸ್ಥಿ ಕಾಣತೊಡಗಿದಾಗ ಖುಷಿ ಇಳಿಯುತ್ತದೆ. ಆಮೇಲೆ ಸಲಹೆಗಳು ಶುರು. ಕೇಳಿದವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಪಿಡುಗು ಜಗ್ಗುವುದಿಲ್ಲ, ಕೆಲವಕ್ಕೆ ಇನ್ನಷ್ಟು ಹೆಚ್ಚುತ್ತದೆ, ಒಂದಂತೂ ಮನೆಮಂದಿಯನ್ನೇ ಆಸ್ಪತ್ರೆಗೆ ಸೇರಿಸಬಲ್ಲದು.

ತಪ್ಪು ಕಲ್ಪನೆ: ನೀರು ಕೆಟ್ಟಿದ್ದಕ್ಕೆ ಹುಟ್ಟಿಕೊಂಡಿತು

ಅದು ತಾನಾಗಿ ಹುಟ್ಟುವುದಿಲ್ಲ, ನಾವೇ ತಂದಿರುತ್ತೇವೆ. ಲೈವ್ ರಾಕ್ ಎನ್ನುವ, ಜೀವಿಗಳು ನೆಲೆಸಿದ ಕಲ್ಲಿನ ಸಂದಿಯಲ್ಲಿ, ಹವಳದ ತುಂಡನ್ನು, ಅಂದರೆ ಫ್ರ್ಯಾಗನ್ನು ಅಂಟಿಸಿದ ಪ್ಲಗ್‌ನ ತಳದಲ್ಲಿ, ಬಸವನಹುಳದ ಚಿಪ್ಪಿನ ಮೇಲೆ ಕಣ್ಣಿಗೆ ಬೀಳದ ಗಾತ್ರದ ಒಂದು ಚೂರು ಇದ್ದರೂ ಸಾಕು. ಮೀನಿಗೆ ಅತಿಯಾಗಿ ಆಹಾರ ಹಾಕುವ ಟ್ಯಾಂಕಿನಲ್ಲಿ ಅದು ಬೇಗ ಹಬ್ಬುತ್ತದೆ ಎಂಬುದು ನಿಜ. ಹಾಗೆಂದು ನೈಟ್ರೇಟ್, ಫಾಸ್ಫೇಟ್ ಇಳಿಸಿ ಉಪವಾಸ ಕೆಡವಿ ಕೊಲ್ಲಲು ಹೊರಟರೆ, ಐಪ್ಟೇಸಿಯಾಕ್ಕಿಂತ ಮೊದಲು ಸೊರಗುವುದು ನಿಮ್ಮ ಹವಳ.

ಹೊಸ ಹವಳವನ್ನು ಔಷಧಿ ನೀರಿನಲ್ಲಿ ಅದ್ದಿ ಟ್ಯಾಂಕಿಗೆ ಬಿಟ್ಟರೆ ಸುರಕ್ಷಿತ ಎಂಬ ಧೈರ್ಯವೂ ಇದರ ಜೊತೆಯದೇ. ಅದ್ದಿದಾಗ ಚಪ್ಪಟೆ ಹುಳುಗಳಂಥವು ಉದುರುತ್ತವೆ. ಐಪ್ಟೇಸಿಯಾ ಮುದುಡಿಕೊಂಡು ಕೂತಿದ್ದು ಆಮೇಲೆ ಅರಳುತ್ತದೆ. ಅದಕ್ಕೇ ಅನುಭವಿಗಳು ಫ್ರ್ಯಾಗನ್ನು ಹಳೆಯ ಪ್ಲಗ್‌ನಿಂದ ಬಿಡಿಸಿ ಹೊಸದಕ್ಕೆ ಅಂಟಿಸುತ್ತಾರೆ, ಹಳೆಯದನ್ನು ಎಸೆಯುತ್ತಾರೆ. ಜೊತೆಗೆ ಕೆಲವು ವಾರ ಬೇರೆ ಟ್ಯಾಂಕಿನಲ್ಲಿಟ್ಟು ನೋಡುತ್ತಾರೆ. ಬೇಸರದ ಕೆಲಸ ನಿಜ, ಆದರೆ ಇಲ್ಲಿ ಉಳಿಸಿದ ಶ್ರಮಕ್ಕೆ ಮುಂದೆ ಬಡ್ಡಿ ಸಮೇತ ತೆರಬೇಕಾಗುತ್ತದೆ.

ನಮ್ಮ ಕಡೆಯವರಿಗೆ ಒಂದು ಮಾತು. ಕಲ್ಲನ್ನು ಅಂಗಡಿಯಲ್ಲಿ ಕೊಳ್ಳುವ ಬದಲು ಮುರ್ಡೇಶ್ವರದಾಚೆ ನೇತ್ರಾಣಿಯ ಸುತ್ತ ಮುಳುಗಿ ತರಬಹುದಲ್ಲ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಕೀಳುವುದು, ಮಾರುವುದು ಶಿಕ್ಷಾರ್ಹ.

ತಪ್ಪು ಕಲ್ಪನೆ: ಕಿತ್ತು ಹಾಕಿದರೆ ಮುಗಿಯಿತು

ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಇದು. ಕಂಡ ಕೂಡಲೇ ಕೈ ತುರಿಸುವುದರಿಂದ ಎಲ್ಲರೂ ಮಾಡುವುದೂ ಇದನ್ನೇ.

ಐಪ್ಟೇಸಿಯಾ ಕಲ್ಲಿಗೆ ಕಚ್ಚಿಕೊಳ್ಳುವುದು ತನ್ನ ಪಾದದಿಂದ, ಅಂದರೆ ಕಾಂಡದ ಬುಡದಲ್ಲಿರುವ ಚಪ್ಪಟೆ ತಟ್ಟೆಯಿಂದ. ಯಾರೂ ಮುಟ್ಟದಿದ್ದಾಗಲೂ ಈ ಪಾದದ ಅಂಚಿನಿಂದ ಸಣ್ಣ ಚೂರುಗಳು ಕಳಚಿಕೊಂಡು ಕಲ್ಲಿನ ಮೇಲೆ ಉಳಿಯುತ್ತವೆ. ಕೆಲವೇ ವಾರಗಳಲ್ಲಿ ಚೂರಿಗೆ ಬಾಯಿ ಮೂಡುತ್ತದೆ, ಎಳೆ ಮೂಡುತ್ತದೆ, ಅದೂ ಒಂದು ಅನಿಮೋನ್ ಆಗುತ್ತದೆ. ಅದರ ಸಂತಾನವೃದ್ಧಿಯ ಮುಖ್ಯ ದಾರಿಯೇ ಇದು. ಮೊಟ್ಟೆ, ವೀರ್ಯ ಬಿಟ್ಟು ಲಾರ್ವಾ ಮಾಡುವುದೂ ಅದಕ್ಕೆ ಗೊತ್ತು. ಮನೆಯ ಟ್ಯಾಂಕಿನಲ್ಲಿ ಗೋಡೆ ತುಂಬಿಸುವುದು ಮಾತ್ರ ಹೆಚ್ಚಾಗಿ ಈ ಚೂರುಗಳೇ. ಚಿಮಟ ಹಾಕಿ ಎಳೆದಾಗ, ಬ್ಲೇಡಿನಿಂದ ಕೆರೆದಾಗ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಾಗ ಕಾಂಡ ಕೈಗೆ ಬರುತ್ತದೆ, ಪಾದದ ಹರಿದ ತುಣುಕುಗಳು ಕಲ್ಲಿನ ರಂಧ್ರದಲ್ಲೇ ಉಳಿಯುತ್ತವೆ. ಗರಿಕೆಯನ್ನು ಬೇರು ಬಿಟ್ಟು ಮೇಲೆ ಕಿತ್ತ ಹಾಗೆ.

ಕೆರಳಿಸಿದಾಗ ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಮೈಯೊಳಗಿಂದ ಬಿಳಿ ದಾರಗಳನ್ನು ಹೊರಗೆ ಎಸೆಯುತ್ತದೆ. ಅಕಾಂಷಿಯಾ ಎನ್ನುವ ಈ ದಾರಗಳ ತುಂಬ ಕುಟುಕು ಕೋಶಗಳಿರುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ, ಮುದುಡಿದ ಅನಿಮೋನಿನ ಬದಿಯ ಸಣ್ಣ ತೂತುಗಳಿಂದಲೂ ಬಾಯಿಯಿಂದಲೂ ಸುರುಳಿ ಸುರುಳಿಯಾಗಿ ಹೊರಬರುವುದು ಕಾಣುತ್ತದೆ. ಪಕ್ಕದಲ್ಲಿ ಹವಳವಿದ್ದರೆ ನಿಮ್ಮ ಚಿಮಟದ ಪೆಟ್ಟು ಅದಕ್ಕೂ ತಗಲಿದಂತೆಯೇ.

ಕಲ್ಲನ್ನು ಹೊರಗೆ ತೆಗೆದು, ಅನಿಮೋನ್ ಕೂತ ಜಾಗವನ್ನು ಸುತ್ತಲಿನ ಕಲ್ಲಿನ ಸಮೇತ ಉಳಿಯಿಂದ ಕೆತ್ತಿ ಹಾಕಿದರೆ ಮಾತ್ರ ಕೀಳುವುದು ಫಲ ಕೊಡುತ್ತದೆ. ಸೂಪರ್ ಗ್ಲೂ ಜೆಲ್ಲಿನಿಂದ ತೂತು ಮುಚ್ಚುವವರೂ ಇದ್ದಾರೆ. ಆ ತೂತಿಗೆ ಬೇರೆ ಬಾಯಿ ಇಲ್ಲದಿದ್ದರೆ ಸರಿ. ಲೈವ್ ರಾಕ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ.

ತಪ್ಪು ಕಲ್ಪನೆ: ದೀಪ ಆರಿಸಿದರೆ ಸಾಯುತ್ತದೆ

ಈ ನಂಬಿಕೆಗೆ ಒಂದು ತರ್ಕವಿದೆ. ಹವಳದ ಹಾಗೆಯೇ ಐಪ್ಟೇಸಿಯಾದ ಮೈಯೊಳಗೂ ಏಕಕೋಶದ ಪಾಚಿ ವಾಸವಾಗಿದೆ. ಬೆಳಕಿನಿಂದ ಅದು ತಯಾರಿಸುವ ಆಹಾರದಲ್ಲಿ ಅನಿಮೋನಿಗೂ ಪಾಲಿದೆ. ಬೆಳಕು ತಪ್ಪಿಸಿದರೆ ಅನ್ನ ತಪ್ಪಬೇಕಲ್ಲ?

ತಪ್ಪುವುದಿಲ್ಲ ಎಂದು ಚೆನ್ನಾಗಿ ಗೊತ್ತಿರುವುದು ವಿಜ್ಞಾನಿಗಳಿಗೆ. ನಾವು ಶಪಿಸುವ ಈ ಪ್ರಾಣಿಯನ್ನು ಅವರು ಬೇಕೆಂದೇ ಸಾಕುತ್ತಾರೆ. ಹವಳ ಬೆಳೆಸುವುದು ಕಷ್ಟ, ಐಪ್ಟೇಸಿಯಾ ಬೆಳೆಸುವುದು ಸುಲಭ. ಎರಡರೊಳಗಿನ ಪಾಚಿಯ ಸಂಬಂಧ ಒಂದೇ ಬಗೆಯದು. ಹಾಗಾಗಿ ಸಮುದ್ರ ಬಿಸಿಯಾದಾಗ ಹವಳ ಬಿಳಿಚಿಕೊಳ್ಳುವುದೇಕೆ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಹವಳದ ಬದಲಿಗೆ ನಿಲ್ಲುವುದು ಇದೇ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಸಿಸಿ7 ಎಂಬ ತಳಿ ಒಂದೇ ಅನಿಮೋನಿನಿಂದ ಬೆಳೆದ ತದ್ರೂಪಿಗಳ ಸಂತತಿ. 2014ರಲ್ಲಿ ಇದರ ಕುಲದ ಹೆಸರು ಎಕ್ಸೈಪ್ಟೇಸಿಯಾ ಎಂದಾಯಿತು. ಮಾರನೆಯ ವರ್ಷ ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದವರೂ ಸೇರಿದ್ದ ತಂಡ ಇದರ ಜೀನೋಮ್ ಪ್ರಕಟಿಸಿತು. ಈ ಪ್ರಯೋಗಗಳಿಗಾಗಿ ಅನಿಮೋನಿನ ಪಾಚಿಯನ್ನು ಪೂರ್ತಿ ಹೊರದೂಡಿ, ಕತ್ತಲಲ್ಲಿಟ್ಟು, ಆರ್ಟೀಮಿಯಾ ಮರಿ ತಿನ್ನಿಸಿ ವರ್ಷಗಟ್ಟಲೆ ಸಾಕುತ್ತಾರೆ. ಮೈ ಬಿಳುಪಾಗುತ್ತದೆ, ಜೀವಕ್ಕೆ ಏನೂ ಆಗುವುದಿಲ್ಲ.

ಮನೆಯ ಟ್ಯಾಂಕಿನಲ್ಲಿ ಮೂರು ದಿನ ದೀಪ ಆರಿಸಿದರೆ ಆಗುವುದೇನು ಎಂದು ಇನ್ನು ಬೇರೆ ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಸುಣ್ಣವೋ ನಿಂಬೆರಸವೋ ಚುಚ್ಚಿಬಿಟ್ಟರೆ ಟ್ಯಾಂಕ್ ಖಾಲಿಯಾಗುತ್ತದೆ

ಚುಚ್ಚುವುದು ಒಳ್ಳೆಯ ಉಪಾಯವೇ, ಆದರೆ ನಾಲ್ಕಾರು ಅನಿಮೋನ್ ಇದ್ದಾಗ. ನೂರಾರು ಇರುವಲ್ಲಿ ಅಲ್ಲ.

ಕೆಲಸಕ್ಕೆ ಬರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಎಲೆಅಡಿಕೆಗೆ ಹಚ್ಚುವ ಸುಣ್ಣವೂ ಇದೇ ವಸ್ತುವಾದರೂ ಟ್ಯಾಂಕಿಗೆ ಶುದ್ಧವಾದ ಪುಡಿಯೇ ಬೇಕು. ಆರ್‌ಓ ನೀರಿನಲ್ಲಿ ಗಂಜಿಯಷ್ಟು ಗಟ್ಟಿಯಾಗಿ ಕಲಸಿ ಸಿರಿಂಜಿಗೆ ತುಂಬುತ್ತಾರೆ. ಮೊದಲು ಪಂಪುಗಳನ್ನೆಲ್ಲ ನಿಲ್ಲಿಸಬೇಕು. ಸಿರಿಂಜಿನ ತುದಿ ನಿಧಾನವಾಗಿ, ಎಳೆಗಳಿಗೆ ತಾಗದಂತೆ, ಬಾಯಿಯ ನೇರಕ್ಕೆ ಬರಬೇಕು. ಅವಸರ ಮಾಡಿದರೆ ಅದು ಒಳಗೆ ಎಳೆದುಕೊಂಡಿತೆಂದೇ ಲೆಕ್ಕ. ಒಂದು ಹನಿ ಬಾಯಿಯ ಮೇಲೆ ಬಿದ್ದಾಗ ಆಹಾರವೆಂದುಕೊಂಡು ಎಳೆಗಳು ಒಳಮುಖವಾಗಿ ಮಡಚಿಕೊಳ್ಳುತ್ತವೆ. ಆಗ ಇನ್ನಷ್ಟು ಬಿಟ್ಟು, ಮುದುಡಿದ ಮೇಲೆ ತೂತನ್ನೇ ಪೇಸ್ಟಿನಿಂದ ಮುಚ್ಚಬೇಕು. ಸ್ವಲ್ಪ ಹೊತ್ತು ನೀರು ಅಲುಗಾಡದಿರಲಿ. ಅಂಗಡಿಯ ಸೀಸೆಗಳಲ್ಲಿ ಬರುವ ಮದ್ದುಗಳನ್ನು ಬಳಸುವ ಕ್ರಮವೂ ಹೆಚ್ಚುಕಡಿಮೆ ಇದೇ. ನಿಂಬೆರಸ, ವಿನೆಗರ್ ತೆಳ್ಳಗಿರುವುದರಿಂದ ಮೇಲೆ ಸುರಿದರೆ ನೀರಿನಲ್ಲಿ ಕರಗಿ ಹೋಗುತ್ತವೆ, ಸೂಜಿಯಿಂದ ಕಾಂಡದೊಳಗೇ ಇಳಿಸಬೇಕು. ನನ್ನ ಮಟ್ಟಿಗೆ ಸುಣ್ಣವೇ ಮೇಲು.

ಮರೆಯಬಾರದ ಸಂಗತಿ ಎಂದರೆ ಪಿಎಚ್. ಸುಣ್ಣದ ತಿಳಿಯ ಪಿಎಚ್ ಸುಮಾರು 12.4, ಹವಳದ ಟ್ಯಾಂಕಿನದು 8.1ರಿಂದ 8.4ರ ಆಸುಪಾಸು. ಚಿಕ್ಕ ಟ್ಯಾಂಕಿನಲ್ಲಿ ಒಂದೇ ಸಂಜೆ ಎಲ್ಲವನ್ನೂ ಮುಗಿಸುತ್ತೇನೆಂದು ಹಠ ಹಿಡಿದರೆ ಅನಿಮೋನ್ ಬದುಕಿ ಮೀನು ಸಾಯಬಹುದು. ದಿನಕ್ಕೆ ಕೆಲವೇ ಕೆಲವು ಸಾಕು. ಸುಣ್ಣ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಕೈಗವಸು, ಕನ್ನಡಕ ಬೇಕೇ ಬೇಕು.

ತಪ್ಪು ಕಲ್ಪನೆ: ಪೆಪ್ಪರ್‌ಮಿಂಟ್ ಸಿಗಡಿ ಬಿಟ್ಟರೆ ನಿಶ್ಚಿಂತೆ

ಸಿಗಡಿ ಸರಿಯಾದದ್ದೇ ಆಗಿದ್ದು, ಅದಕ್ಕೆ ಹಸಿವಿದ್ದರೆ. ಲಿಸ್ಮಾಟಾ ಕುಲದ ಈ ಸಿಗಡಿಗಳು ಸಣ್ಣ ಐಪ್ಟೇಸಿಯಾಗಳನ್ನು ತಿನ್ನುತ್ತವೆ, ದೊಡ್ಡದರ ತಂಟೆಗೆ ಹೋಗಲು ಹಿಂಜರಿಯುತ್ತವೆ. ಮೀನಿಗೆ ಹಾಕಿದ ಆಹಾರ ಧಾರಾಳವಾಗಿ ಸಿಗುತ್ತಿದ್ದರೆ ಸಣ್ಣದನ್ನೂ ಮೂಸುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ವೇಷದ್ದು: ಒಂಟೆ ಸಿಗಡಿ ಎನ್ನುವ ಇನ್ನೊಂದು ಜಾತಿಯನ್ನು ಇದೇ ಹೆಸರಿನಲ್ಲಿ ಮಾರುವುದುಂಟು. ಅದರ ಬೆನ್ನು ಗೂನು, ಮೈಮೇಲೆ ಕೆಂಪು ಪಟ್ಟೆಗಳ ಜೊತೆ ಎದ್ದು ಕಾಣುವ ಬಿಳಿ ಗೆರೆ ಮತ್ತು ಚುಕ್ಕಿ, ಮೂತಿಯ ಮೇಲಿನ ಕೊಕ್ಕು ಕೀಲಿನ ಮೇಲೆ ಮೇಲೆಕೆಳಗೆ ಆಡುತ್ತದೆ. ಇದು ಐಪ್ಟೇಸಿಯಾವನ್ನು ಬಿಟ್ಟು ನಿಮ್ಮ ಮೃದು ಹವಳಗಳನ್ನು ಮೇಯುತ್ತದೆ.

ತಪ್ಪು ಕಲ್ಪನೆ: ಚಿಟ್ಟೆಮೀನು ಎಲ್ಲದಕ್ಕೂ ಪರಿಹಾರ

ತಾಮ್ರಪಟ್ಟೆಯ ಚಿಟ್ಟೆಮೀನು, ಅಂದರೆ ಕೆಲ್ಮಾನ್ ರೋಸ್ಟ್ರೇಟಸ್, ತನ್ನ ಉದ್ದ ಮೂತಿಯಿಂದ ಐಪ್ಟೇಸಿಯಾ ಹೆಕ್ಕುವುದನ್ನು ನೋಡುವುದೇ ಒಂದು ಸೊಗಸು. ಆದರೆ ತಂದ ಹೊಸದರಲ್ಲಿ ಏನನ್ನೂ ತಿನ್ನದೆ ಕೃಶವಾಗಿ ಸಾಯುವ ಮೀನುಗಳಲ್ಲಿ ಇದರದು ಮೊದಲ ಸಾಲು. ಚಿಕ್ಕ ಟ್ಯಾಂಕಿಗೆ ಇದು ಸಲ್ಲದು. ಐಪ್ಟೇಸಿಯಾ ತಿನ್ನುವ ಫೈಲ್‌ಫಿಶ್ ಗಟ್ಟಿಮುಟ್ಟು, ಆದರೆ ಅನಿಮೋನ್ ಮುಗಿದ ಮೇಲೆ ಹವಳಕ್ಕೂ ಬಾಯಿ ಹಾಕಬಹುದು. ಒಂದು ಪಿಡುಗಿಗಾಗಿ ಮೀನು ಕೊಳ್ಳುವವರು ಪಿಡುಗು ತೀರಿದ ಮೇಲೆ ಅದನ್ನು ಸಾಕಲು ತಯಾರಿರಬೇಕು.

ತಪ್ಪು ಕಲ್ಪನೆ: ಬರ್ಘಿಯಾ ಬಿಟ್ಟೆ, ಏನೂ ಆಗಲಿಲ್ಲ, ಅದು ಮೋಸ

ಬರ್ಘಿಯಾ ಮೋಸವಲ್ಲ, ಅವಸರದವರಿಗೆ ಒಗ್ಗುವುದಿಲ್ಲ ಅಷ್ಟೆ.

ಬರ್ಘಿಯಾ ಸ್ಟೆಫಾನಿಯೇ ಎಂಬುದು ಫ್ಲಾರಿಡಾದ ಕಡೆಯ ಚಿಪ್ಪಿಲ್ಲದ ಕಡಲ ಬಸವನಹುಳು. ಇದಕ್ಕೆ ಶಾಸ್ತ್ರೀಯ ಹೆಸರು ಸಿಕ್ಕಿದ್ದು 2005ರಲ್ಲಿ. ಎರಡು ಮೂರು ಸೆಂಟಿಮೀಟರು ಉದ್ದ, ಬೆನ್ನ ತುಂಬ ಬೆರಳಿನಂಥ ಚಾಚುಗಳು, ತಲೆಯ ಮೇಲೆ ಕಿತ್ತಳೆ ಗುರುತು. ಐಪ್ಟೇಸಿಯಾ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ತಿಂದದ್ದರಲ್ಲಿ ಸಿಡಿಯದೆ ಉಳಿದ ಕುಟುಕು ಕೋಶಗಳನ್ನು ಬೆನ್ನಿನ ಚಾಚುಗಳ ತುದಿಗೆ ಸಾಗಿಸಿ ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ! ಹಗಲಲ್ಲಿ ಕಲ್ಲಿನಡಿ ಅಡಗಿದ್ದು ರಾತ್ರಿ ಹೊರಬರುವುದರಿಂದ ಬಿಟ್ಟ ಮೇಲೆ ವಾರಗಟ್ಟಲೆ ಕಣ್ಣಿಗೇ ಬೀಳದಿರಬಹುದು. ಬಿಳಿ ದಾರವನ್ನು ಸುರುಳಿ ಸುತ್ತಿಟ್ಟಂತೆ ಮೊಟ್ಟೆಯಿಟ್ಟಿದ್ದು ಕಂಡರೆ ಅದು ಒಳ್ಳೆಯ ಸುದ್ದಿ. ಬಿಟ್ಟ ಹುಳುಗಳಷ್ಟೇ ಕೆಲಸ ಮುಗಿಸುವುದಿಲ್ಲ, ಮರಿಗಳು ಬೆಳೆದು ಸೇರಿಕೊಳ್ಳಬೇಕು. ಆದ್ದರಿಂದ ಫಲ ಕಾಣಲು ತಿಂಗಳುಗಳು ಬೇಕು. ಒಂದೇ ಒಂದನ್ನು ಬಿಟ್ಟು ಕಾಯುವುದರಲ್ಲಿ ಅರ್ಥವಿಲ್ಲ, ಗುಂಪಾಗಿ, ದೀಪ ಆರಿದ ಮೇಲೆ, ಐಪ್ಟೇಸಿಯಾದ ಹತ್ತಿರವೇ ಬಿಡಬೇಕು.

ಹೆಚ್ಚಿನವರು ಎಡವುವುದು ಇಲ್ಲಿ: ಸಿಗಡಿಯೂ ಇರಲಿ, ಬರ್ಘಿಯಾವೂ ಇರಲಿ, ಎರಡೂ ಸೇರಿ ಬೇಗ ಮುಗಿಸಲಿ ಎಂದು ಒಟ್ಟಿಗೆ ಬಿಡುತ್ತಾರೆ. ಪೆಪ್ಪರ್‌ಮಿಂಟ್ ಸಿಗಡಿ ಬರ್ಘಿಯಾವನ್ನೇ ತಿಂದುಬಿಡುತ್ತದೆ. ಆರು ಗೆರೆಯ ರಾಸ್ ಮೀನೂ ಹಾಗೆಯೇ. ಮುಚ್ಚಳವಿಲ್ಲದ ಪವರ್‌ಹೆಡ್ ಇನ್ನೊಂದು ಯಮ. ಐಪ್ಟೇಸಿಯಾ ಪೂರ್ತಿ ಮುಗಿದರೆ ಹುಳು ಹಸಿದು ಸಾಯುತ್ತದೆ. ಅಷ್ಟರೊಳಗೆ ಬೇಕಾದವರಿಗೆ ದಾಟಿಸುವುದು ಹವ್ಯಾಸಿಗಳಲ್ಲಿ ರೂಢಿ.

ತಪ್ಪು ಕಲ್ಪನೆ: ಬೇಡದ ಅನಿಮೋನ್ ಎಲ್ಲವೂ ಐಪ್ಟೇಸಿಯಾ

ಎಳೆಗಳು ಗಿಡ್ಡಗಿದ್ದು ತುದಿ ತುಸು ಉಬ್ಬಿದ್ದರೆ, ಬಣ್ಣ ಹಸಿರಿಗೆ ತಿರುಗಿದ್ದರೆ ಅದು ಮಜಾನೋ ಇರಬಹುದು. ಬರ್ಘಿಯಾ ಇದನ್ನು ಮುಟ್ಟುವುದೇ ಇಲ್ಲ. ಇದಕ್ಕೆ ಸುಣ್ಣವೇ ಗತಿ. ಇನ್ನು ಕೊಳವೆಯೊಳಗಿಂದ ಬೀಸಣಿಗೆ ಬಿಚ್ಚುವ ನಿರುಪದ್ರವಿ ಹುಳುವನ್ನು ಐಪ್ಟೇಸಿಯಾ ಎಂದುಕೊಂಡು ಸುಣ್ಣ ಹಾಕಿ ಕೊಂದವರೂ ಉಂಟು. ಅದರ ಬೀಸಣಿಗೆಯಲ್ಲಿ ಹಕ್ಕಿಯ ಗರಿಯ ಹಾಗೆ ಕವಲುಗಳಿರುತ್ತವೆ, ಐಪ್ಟೇಸಿಯಾದ ಎಳೆ ಸಾದಾ.

ತಪ್ಪು ಕಲ್ಪನೆ: ಕಲ್ಲನ್ನು ಕುದಿಸಿದರೆ ಎಲ್ಲ ಶುದ್ಧ

ಬೇಡವೇ ಬೇಡ. ಐಪ್ಟೇಸಿಯಾ ಕುದಿಯುವ ನೀರಿನಲ್ಲಿ ಸಾಯುತ್ತದೆ, ಸಂಶಯವಿಲ್ಲ. ಆದರೆ ಅದೇ ಕಲ್ಲಿನ ಮೇಲೆ ಝೋಆಂಥಿಡ್ ಅಥವಾ ಪಾಲಿಥೋವಾ ಹವಳದ ಗೊಂಚಲು ಇರಬಹುದು. ಅವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ವಿಷ ಹೊತ್ತಿರುತ್ತವೆ. ಹವಾಯಿಯ ಹಾನಾ ಎಂಬಲ್ಲಿನ ಪಾಲಿಥೋವಾದಿಂದ ಇದನ್ನು ಬೇರ್ಪಡಿಸಿದ ವರದಿ 1971ರಲ್ಲಿ ಬಂತು. ಪ್ರೋಟೀನ್ ಅಲ್ಲದ ವಿಷಗಳಲ್ಲಿ ಅತಿ ಘೋರವಾದವುಗಳ ಸಾಲಿಗೆ ಸೇರಿದ್ದು ಇದು. ಜೀವಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಸಾಗಿಸುವ ಪಂಪನ್ನು ತೆರೆದ ತೂತನ್ನಾಗಿ ಮಾಡಿಬಿಡುತ್ತದೆ. ಕುದಿಸಿದಾಗ, ಬಿಸಿನೀರು ಸುರಿದು ಉಜ್ಜಿದಾಗ ವಿಷ ಹಬೆಯ ಜೊತೆ ಏರಿ ಉಸಿರಿಗೆ ಸೇರುತ್ತದೆ. ಬಾಯಲ್ಲಿ ಲೋಹದ ರುಚಿ, ಜ್ವರ, ಕೆಮ್ಮು, ಉಸಿರಾಟದ ತೊಂದರೆ ಇದರ ಲಕ್ಷಣ. ಅಮೆರಿಕದ ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಮನೆ ಮತ್ತು ಅಂಗಡಿಗಳಲ್ಲಿ ಇಂಥ ಪ್ರಕರಣಗಳು ದಾಖಲಾದವು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಒಂದು ಕುಟುಂಬ ಟ್ಯಾಂಕ್ ತೊಳೆದ ಮೇಲೆ ಆಸ್ಪತ್ರೆ ಸೇರಿತು, ನೆರವಿಗೆ ಬಂದ ತುರ್ತು ಸೇವೆಯ ಸಿಬ್ಬಂದಿಯೂ ಪರೀಕ್ಷೆಗೆ ಹೋಗಬೇಕಾಯಿತು. ಕಲ್ಲನ್ನು ಪೂರ್ತಿ ತ್ಯಜಿಸಲು ತಯಾರಿದ್ದರೆ ಕುದಿಸದೆ, ಉಜ್ಜದೆ, ಜನರ ಓಡಾಟವಿಲ್ಲದ ಬಯಲಲ್ಲಿ ವಾರಗಟ್ಟಲೆ ಒಣಗಲು ಬಿಡುವುದು ಉಳಿದ ದಾರಿ.

ತಪ್ಪು ಕಲ್ಪನೆ: ಟ್ಯಾಂಕಿನಲ್ಲಿ ಕಾಣುತ್ತಿಲ್ಲ, ಹಾಗಾದರೆ ಹೋಯಿತು

ಗಾಜಿನಾಚೆ ಕಾಣುವ ಭಾಗ ಟ್ಯಾಂಕಿನ ಒಂದು ಪಾಲು ಮಾತ್ರ. ನೀರು ಇಳಿಯುವ ಓವರ್‌ಫ್ಲೋ ಪೆಟ್ಟಿಗೆ, ಕೆಳಗಿನ ಸಂಪ್, ಪಂಪಿನ ಹಿಂಬದಿ, ಪೈಪಿನ ಒಳಮೈ, ಇಲ್ಲಿಗೆ ಸಿಗಡಿ, ಮೀನು ಯಾವುದೂ ತಲುಪುವುದಿಲ್ಲ, ಸಿರಿಂಜೂ ತಲುಪುವುದಿಲ್ಲ. ಹರಿಯುವ ನೀರು ಆಹಾರ ತಂದುಕೊಡುವುದರಿಂದ ಕತ್ತಲಿನ ಸಂಪಿನಲ್ಲೂ ಬಿಳುಪಾದ ಐಪ್ಟೇಸಿಯಾಗಳು ಆರಾಮವಾಗಿ ಬದುಕುತ್ತವೆ, ಅಲ್ಲಿಂದ ಕಳಚಿದ ಚೂರು ಪಂಪಿನ ಮೂಲಕ ಮತ್ತೆ ಮೇಲೆ ಬರುತ್ತದೆ. ಸಂಪಿನಲ್ಲಿ ಹವಳವಿಲ್ಲದ್ದರಿಂದ ಅಲ್ಲಿರುವ ನಾಲ್ಕನ್ನು ಕಂಡೂ ಕಾಣದಂತೆ ಬಿಡುವವರಿದ್ದಾರೆ. ನಾನೂ ಅದನ್ನು ಅಪರಾಧವೆನ್ನುವುದಿಲ್ಲ. ಮೇಲಿನ ಟ್ಯಾಂಕನ್ನು ಬರ್ಘಿಯಾದಿಂದ ಸ್ವಚ್ಛ ಮಾಡಿಸಿದವರು ಮಾತ್ರ ಕೊನೆಯ ಕೆಲವು ಹುಳುಗಳನ್ನು ಬೇರೆಯವರಿಗೆ ದಾಟಿಸುವ ಮೊದಲು ಓವರ್‌ಫ್ಲೋ ಪೆಟ್ಟಿಗೆಗೊಮ್ಮೆ ಟಾರ್ಚ್ ಬಿಟ್ಟು ನೋಡುವುದು ಒಳ್ಳೆಯದು. ಅಲ್ಲಿ ಐಪ್ಟೇಸಿಯಾ ಇದ್ದರೆ ಹುಳುಗಳಿಗೆ ಇನ್ನೂ ಊಟವಿದೆ.